ಕೂಸಿನ ಜಾವಳ, ದೂರದ ದಾರಿ

(ಸಾಂಗ್ಲಿವಾಡಿಯ ಕಲಿಕಾ ಕೇಂದ್ರದಲ್ಲಿ ಸಂಯೋಜಕರು ಮಾಡಿದ ಭಾಷಣ. ಓದಲು ಅನುಕೂಲವಾಗಲಿ ಎಂದು ಮಾತಿನಂತೆಯೇ ಬರೆದು ಕೊಟ್ಟಿದೆ.)



ಶಾಲೆಗೆ ಸೂಟಿ ಬಿತ್ತು ಅಂದರೆ ನಮ್ಮ ಓಣಿಯಲ್ಲಿ ಒಂದೇ ಮಾತು. ಈ ಸಲ ಎಲ್ಲಿಗೆ ಹೋಗೋಣ? ಕೆಲವರು ಸವದತ್ತಿ ಎಲ್ಲಮ್ಮ ಅನ್ನುತ್ತಾರೆ. ಕೆಲವರು ಪಂಢರಪುರ ಅನ್ನುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಕೂಡಿದ್ದರೆ ತಿರುಪತಿ ಅನ್ನುತ್ತಾರೆ. ದೊಡ್ಡವರೇ ಹೋಗುವುದಾದರೆ ಹೆಚ್ಚು ಯೋಚನೆ ಇಲ್ಲ. ಒಂದು ಚೀಲ, ಒಂದು ಚಾದರ ತಗೊಂಡು ನಡೀರಿ ಅಂದರೆ ಆಯಿತು. ಆದರೆ ಮನೆಯಲ್ಲಿ ಮೊಲೆಹಾಲು ಕುಡಿಯುವ ಕೂಸು ಇದ್ದರೆ? ಕರೆದುಕೊಂಡು ಹೋಗಬೇಕೋ, ಬಿಟ್ಟು ಹೋಗಬೇಕೋ, ಎಲ್ಲರೂ ನಿಲ್ಲಬೇಕೋ? ಇವತ್ತು ಅದನ್ನೇ ಮಾತಾಡೋಣ.

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ತಾಯಿಯ ಮನೆಯಲ್ಲಿ ಈ ವಿಚಾರ ನಡೆದಿದೆ. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ. ಅವರಿಗೆ ಮೂರು ಮಕ್ಕಳು. ದೊಡ್ಡ ಮಗನಿಗೆ ಆರು ವರ್ಷ, ಮಗಳಿಗೆ ನಾಲ್ಕು ವರ್ಷ ದಾಟಿದೆ. ಸಣ್ಣ ಕೂಸಿಗೆ ಎಂಟು ತಿಂಗಳು. ಯಜಮಾನರು ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿನದ ಚೀಲ ಹೊರುವ ಹಮಾಲರು. ಅತ್ತೆಗೆ ವಯಸ್ಸಾಗಿದೆ. ಆ ಅತ್ತೆ ಹರಕೆ ಹೊತ್ತಿದ್ದಾರೆ. ಹೆರಿಗೆಯ ವೇಳೆ ಸೊಸೆಗೆ ಬಹಳ ತ್ರಾಸ ಆಗಿತ್ತು. ಆಗ ಅವರು ಕೈ ಮುಗಿದು, "ತಿಮ್ಮಪ್ಪಾ, ತಾಯಿ ಕೂಸು ಎರಡೂ ಉಳದ್ರ ನಿನ್ನ ಗುಡ್ಡಕ್ಕ ಬಂದು ಜಾವಳ ತಗಸ್ತೀನಿ" ಅಂದಿದ್ದರು. ತಾಯಿ ಉಳಿದರು, ಕೂಸೂ ಉಳಿಯಿತು. ಈಗ ಅತ್ತೆ ಮೇ ತಿಂಗಳಲ್ಲೇ ಹೋಗಬೇಕು ಅನ್ನುತ್ತಾರೆ. ಸೊಸೆ ಬೇಡ ಅನ್ನುತ್ತಾರೆ. ನಡುವೆ ಸಿಕ್ಕ ಮಗ ಏನೂ ಅನ್ನುವುದಿಲ್ಲ.

ಅತ್ತೆಯದು ಹಟ ಅಂತ ಅನ್ನಬೇಡಿ. ಅವರು ಲೆಕ್ಕ ಹಾಕಿಯೇ ಮಾತಾಡುತ್ತಾರೆ. ಅವರ ಮೊದಲನೇ ಲೆಕ್ಕ ಟಿಕೆಟ್ಟಿನದು. ರೈಲಿನಲ್ಲಿ ಐದು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. ಈಗ ಹೋದರೆ ಕೂಸಿಗೂ ಇಲ್ಲ, ಹುಡುಗಿಗೂ ಇಲ್ಲ. ತಡ ಮಾಡಿದರೆ ಹುಡುಗಿಗೆ ಐದು ತುಂಬುತ್ತದೆ, ರೊಕ್ಕ ಕೊಡಬೇಕು. ಎರಡನೇ ಲೆಕ್ಕ ದರ್ಶನದ್ದು. ಒಂದು ವರ್ಷ ತುಂಬದ ಕೂಸು ಇದ್ದರೆ, ತಿರುಮಲದಲ್ಲಿ ತಂದೆ ತಾಯಿಯನ್ನು ಬೇರೆ ದಾರಿಯಿಂದ ದರ್ಶನಕ್ಕೆ ಬಿಡುವ ಪದ್ಧತಿ ಇದೆ. ಅದಕ್ಕೆ ಸುಪಥಂ ಅನ್ನುತ್ತಾರೆ. ಕೂಸಿನ ಜನನದ ದಾಖಲೆ, ತಂದೆ ತಾಯಿಯ ಆಧಾರ್ ಕಾರ್ಡು ತೋರಿಸಬೇಕು. ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಓಣಿಯಲ್ಲಿ ಯಾರೋ ಈ ಸುದ್ದಿ ಅತ್ತೆಗೆ ಹೇಳಿದ್ದಾರೆ. ಅದಕ್ಕೇ ಅವರು, "ಕೂಸಿಗೆ ವರ್ಷ ತುಂಬೂದ್ರಾಗ ಹೋಗೂಣು" ಅಂತ ಬೆನ್ನು ಹತ್ತಿದ್ದಾರೆ.

ಮೂರನೇ ಮಾತು ಲೆಕ್ಕದ್ದಲ್ಲ. ಅದನ್ನು ಅವರು ಮೆಲ್ಲಗೆ ಹೇಳಿದರಂತೆ. "ಮುಂದ ಹೋಗೂಣು ಅಂತೀರಿ. ಅಲ್ಲೀತನಕಾ ನಾ ಇರ್ತೀನೋ ಇಲ್ಲೋ ಯಾರಿಗೆ ಗೊತ್ತು?"

ಈ ಮಾತಿಗೆ ಸೊಸೆ ಏನು ಉತ್ತರ ಕೊಡಬೇಕು ಹೇಳಿ. ಅದಕ್ಕೇ ಅವರು ಪಾಠ ಮುಗಿದ ಮೇಲೆ ನಿಂತು ನನ್ನನ್ನು ಕೇಳಿದರು.

ಮೊದಲು ದಾರಿ ನೋಡೋಣ. ಮಿರಜ್ ಜಂಕ್ಷನ್ ನಮಗೆ ಹತ್ತಿರ. ಐರ್ವಿನ್ ಪೂಲ್ ದಾಟಿ, ಸಾಂಗ್ಲಿ ಊರು ದಾಟಿ ಹೋದರೆ ಆಯಿತು. ಕೊಲ್ಹಾಪುರದಿಂದ ತಿರುಪತಿಗೆ ಹೋಗುವ ಹರಿಪ್ರಿಯಾ ಗಾಡಿ ಮಿರಜಿನಲ್ಲಿ ನಿಲ್ಲುತ್ತದೆ. ಗಾಡಿ ಬದಲು ಮಾಡುವ ತ್ರಾಸ ಇಲ್ಲ. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿ, ಗುಂತಕಲ್, ಕಡಪ ದಾಟಿ ತಿರುಪತಿ. ಸುಮಾರು 20 ಗಂಟೆ ಹಿಡಿಯುತ್ತದೆ. ಗಾಡಿ ತಡವಾದರೆ ಇನ್ನೂ ಹೆಚ್ಚು. ಅಲ್ಲಿಂದ ಗುಡ್ಡದ ಮೇಲೆ ಹೋಗಲು ಬಸ್ಸು. ಗುಡ್ಡದ ದಾರಿ ಸುತ್ತು ಸುತ್ತು, ಮಕ್ಕಳಿಗೆ ವಾಂತಿ ಆಗುತ್ತದೆ. ಬಸ್ಸು ಹತ್ತುವ ಮುಂಚೆ ಹೊಟ್ಟೆ ತುಂಬ ತಿನಿಸಬೇಡಿ.

ಇಪ್ಪತ್ತು ಗಂಟೆ ಅಂದರೆ ದೊಡ್ಡವರಿಗೆ ಒಂದು ನಿದ್ದೆ, ಎರಡು ಊಟ, ನಾಲ್ಕು ಚಹಾ. ಎಂಟು ತಿಂಗಳ ಕೂಸಿಗೆ ಅದು ಎಷ್ಟು? ಬೆರಳು ಮಡಚಿ ಎಣಿಸಿ ನೋಡೋಣ. ಅದು ಎರಡು ಮೂರು ತಾಸಿಗೊಮ್ಮೆ ಹಾಲು ಕುಡಿಯುತ್ತದೆ. ಅಂದರೆ ಏಳೆಂಟು ಸಲ ಹಾಲು. ಹತ್ತು ಸಲವಾದರೂ ಬಟ್ಟೆ ಬದಲು. ಎರಡು ಮೂರು ಸಲ ಮೆತ್ತಗಿನ ಊಟ. ಹಗಲು ಎರಡು ನಿದ್ದೆ, ರಾತ್ರಿ ಒಂದು ನಿದ್ದೆ. ಅದು ಅಂಬೆಗಾಲು ಇಡುವ ವಯಸ್ಸು. ಕೆಳಗೆ ಬಿಟ್ಟರೆ ಡಬ್ಬಿಯ ಹೊಲಸು ನೆಲ, ಬಿಡದಿದ್ದರೆ ಅಳು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಈ ಎಲ್ಲ ಕೆಲಸ ಯಾರು ಮಾಡುತ್ತಾರೆ?

ನೀವು ನಗುತ್ತಿದ್ದೀರಿ. ಉತ್ತರ ನಿಮಗೆ ಗೊತ್ತಿದೆ.

ಅಣ್ಣಂದಿರು ಸಿಟ್ಟಾಗಬೇಡಿ. ಗಾಡಿ ನಿಂತ ಕೂಡಲೇ ಗಂಡಸರು ಕೆಳಗೆ ಇಳಿಯುತ್ತಾರೆ. ಚಹಾ ಕುಡಿಯುತ್ತಾರೆ, ಪೇಪರ್ ನೋಡುತ್ತಾರೆ, ಕಾಲು ಸಡಿಲ ಮಾಡುತ್ತಾರೆ. ಹೆಣ್ಣುಮಗಳು ಮಾತ್ರ ಕೂತಲ್ಲೇ ಕೂತಿರುತ್ತಾಳೆ. ಸಂಡಾಸಕ್ಕೆ ಹೋಗಬೇಕಾದರೂ ಕೂಸನ್ನು ಯಾರ ಕೈಗೆ ಕೊಡಲಿ ಅಂತ ನೋಡುತ್ತಾಳೆ. ಸಂಡಾಸಕ್ಕೆ ಹೋಗುವುದು ಬೇಡ ಅಂತ ನೀರನ್ನೇ ಕುಡಿಯುವುದಿಲ್ಲ. ಹಾಲು ಕುಡಿಸುವ ತಾಯಿ ನೀರು ಬಿಟ್ಟರೆ ಬೇಗ ಸುಸ್ತಾಗುತ್ತಾಳೆ. ಹೀಗೆ ಹೋಗಿ ಬಂದ ಮೇಲೆ ಒಂದು ವಾರ ಮಲಗುತ್ತಾಳೆ. ಅದನ್ನು ಪ್ರವಾಸ ಅನ್ನುವುದು ಹೇಗೆ? ಹಾಗಾದರೆ ಹೋಗಬೇಕೋ ಬೇಡವೋ ಅನ್ನುವ ಮಾತಿಗೆ ಮೊದಲು, ಹೋದರೆ ಯಾರು ಎಷ್ಟು ಹೊತ್ತು ಕೂಸು ಹಿಡಿಯುತ್ತಾರೆ ಅನ್ನುವುದು ಮನೆಯಲ್ಲಿ ತೀರ್ಮಾನ ಆಗಬೇಕು. ಗಂಡ ಒಪ್ಪಿಕೊಂಡರೆ ಅರ್ಧ ದಾರಿ ಮುಗಿದ ಹಾಗೆ.

ಇದು ನಮ್ಮಂಥವರ ಚಿಂತೆ ಮಾತ್ರ ಅಂತ ತಿಳಿಯಬೇಡಿ. ಅಮೆರಿಕದಲ್ಲಿ ಕೆಲಸ ಮಾಡುವ ಕನ್ನಡದವರು ಕೂಸು ಹುಟ್ಟಿದ ಮೇಲೆ ಅಜ್ಜ ಅಜ್ಜಿಗೆ ತೋರಿಸಲು ಬೆಂಗಳೂರಿಗೆ ಬರುತ್ತಾರೆ. ಅವರಿಗೂ ವಿಮಾನದಲ್ಲಿ ಇಪ್ಪತ್ತು ಗಂಟೆಯ ಮೇಲೆ ಆಗುತ್ತದೆ. ಎರಡು ವರ್ಷದೊಳಗಿನ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಬರಬಹುದು ಅನ್ನುವ ನಿಯಮ ಅಲ್ಲಿದೆ. ಅವರ ಮನೆಯಲ್ಲೂ ಇದೇ ವಾದ. ಈಗಲೇ ಹೋಗೋಣ, ಟಿಕೆಟ್ ಕಡಿಮೆ. ಬೇಡ, ಕೂಸು ಸಣ್ಣದು.

ಈಗ ನಮ್ಮ ತಾಯಿಯ ಮನೆಗೆ ಬರೋಣ. ನನ್ನ ಅಭಿಪ್ರಾಯ ಕೇಳಿದರು, ನಾನು ಹೇಳಿದೆ. ಮೇ ತಿಂಗಳಲ್ಲಿ ಬೇಡ.

ಕಾರಣ ಬಿಸಿಲು. ಬೇಸಿಗೆಯಲ್ಲಿ ಬಳ್ಳಾರಿ, ಗುಂತಕಲ್, ಕಡಪದ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಸ್ಲೀಪರ್ ಡಬ್ಬಿಯ ತಗಡು ಕಾದು ರಾತ್ರಿಯಲ್ಲೂ ಬಿಸಿ ಇರುತ್ತದೆ. ಸಣ್ಣ ಕೂಸಿನ ಮೈ ದೊಡ್ಡವರ ಮೈಯ ಹಾಗಲ್ಲ. ಬೇಗ ಕಾಯುತ್ತದೆ, ಬೇಗ ಒಣಗುತ್ತದೆ. ಬಾಯಾರಿಕೆ ಅಂತ ಅದಕ್ಕೆ ಹೇಳಲು ಬರುವುದಿಲ್ಲ. ಅದರ ಮೇಲೆ ಎರಡು ಸಲ ಭೇದಿ ಆಯಿತೆಂದರೆ ಓಡುವ ಗಾಡಿಯಲ್ಲಿ ದವಾಖಾನೆ ಎಲ್ಲಿದೆ? ಇನ್ನೊಂದು ಕಾರಣ ಗದ್ದಲ. ಮೇ ತಿಂಗಳು ಎಲ್ಲರಿಗೂ ಸೂಟಿ. ಗುಡ್ಡದ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಸುಪಥಂ ದಾರಿ ಇದ್ದರೂ ಅದು ತಂದೆ ತಾಯಿಗೆ. ಅಜ್ಜಿ ದೊಡ್ಡ ಸಾಲಿನಲ್ಲಿ ಒಬ್ಬರೇ ನಿಲ್ಲಬೇಕು. ಯಾರ ಹರಕೆಯೋ ಅವರೇ ಬೇರೆಯಾದರೆ ಏನು ಚಂದ? ಸಾಲಿನಲ್ಲಿ ನಾಲ್ಕು ತಾಸು ಉಳಿಸಲು ಹೋಗಿ, ಹೋಗುವಾಗ 20 ತಾಸು, ಬರುವಾಗ 20 ತಾಸು ಕೂಸನ್ನು ಕಾಯಿಸಿದಂತೆ ಆಗುತ್ತದೆ.

ಗದ್ದಲ ಅಂದಾಗ ನಮ್ಮ ಭಾಗದ ಹಿರಿಯರಿಗೆ ಮಾಂಢರದೇವಿ ನೆನಪಾಗುತ್ತದೆ. ಸಾತಾರಾ ಜಿಲ್ಲೆಯ ವಾಯಿ ಹತ್ತಿರದ ಗುಡ್ಡ, ಕಾಳೂಬಾಯಿ ಜಾತ್ರೆ. 2005ರ ಜನವರಿ 25ರಂದು ಅಲ್ಲಿ ಕಾಲ್ತುಳಿತವಾಗಿ 290ಕ್ಕೂ ಹೆಚ್ಚು ಜನ ಸತ್ತರು. ಹೆಂಗಸರು, ಮಕ್ಕಳು ಬಹಳ ಇದ್ದರು. ತಿರುಪತಿಯಲ್ಲಿಯೂ 2025ರ ಜನವರಿ 8ರಂದು ವೈಕುಂಠ ಏಕಾದಶಿಯ ಟೋಕನ್ ತಗೊಳ್ಳುವ ಜಾಗದಲ್ಲಿ ನೂಕುನುಗ್ಗಲಾಗಿ ಆರು ಜನ ಸತ್ತರು. ಹೆದರಿಸಲು ಹೇಳುತ್ತಿಲ್ಲ. ದೇವರು ವರ್ಷವಿಡೀ ಅಲ್ಲೇ ಇರುತ್ತಾನೆ. ಜಾತ್ರೆಯ ದಿನ, ಏಕಾದಶಿಯ ದಿನ, ಬ್ರಹ್ಮೋತ್ಸವದ ದಿನ ಸಣ್ಣ ಮಕ್ಕಳನ್ನು ಎತ್ತಿಕೊಂಡು ಹೋಗಲೇಬೇಕು ಅಂತ ಏನಿದೆ?

ಹಾಗಾದರೆ ಯಾವಾಗ ಹೋಗಬೇಕು? ಕೇಂದ್ರದಲ್ಲಿ ಕೆಲವರು ದೀಪಾವಳಿ ಮುಗಿಸಿ ನವೆಂಬರದಲ್ಲಿ ಹೋಗಲಿ ಅಂದರು. ನಮ್ಮ ಕಡೆ ಆಗ ಮಳೆ ನಿಂತಿರುತ್ತದೆ. ಆದರೆ ಆ ಕಡೆ ಅದೇ ಮಳೆಗಾಲ. 2021ರ ನವೆಂಬರದಲ್ಲಿ ತಿರುಪತಿ, ಕಡಪದ ಕಡೆ ದೊಡ್ಡ ನೆರೆ ಬಂದು ಗಾಡಿಗಳೇ ನಿಂತಿದ್ದವು. ನೆರೆ ಅಂದರೆ ಏನು ಅಂತ ಸಾಂಗ್ಲಿವಾಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2005, 2019, 2021 ಮೂರೂ ನೋಡಿದ್ದೇವೆ. ಹಾಗಾಗಿ ಫೆಬ್ರವರಿ ಒಳ್ಳೆಯದು ಅಂತ ಮಾತಾಯಿತು. ಮಳೆ ಇಲ್ಲ, ಬಿಸಿಲು ಇನ್ನೂ ಏರಿಲ್ಲ, ಶಾಲೆಗೆ ಸೂಟಿ ಇಲ್ಲದ್ದರಿಂದ ಜನ ಕಡಿಮೆ. ರಥಸಪ್ತಮಿಯ ದಿನ ಮಾತ್ರ ಗದ್ದಲ, ಅದನ್ನು ಪಂಚಾಂಗದಲ್ಲಿ ನೋಡಿ ಬಿಡಬೇಕು. ದೊಡ್ಡ ಮಗನ ಶಾಲೆ ನಾಲ್ಕು ದಿನ ತಪ್ಪುತ್ತದೆ. ಗುರುಗಳಿಗೆ ಮೊದಲೇ ಹೇಳಿ, ಬಂದ ಮೇಲೆ ಪಾಠ ಬರೆಸಿದರೆ ಆಯಿತು. ನಮ್ಮಲ್ಲಿ ಕೆಲವರು ಇದಕ್ಕೆ ಒಪ್ಪಲಿಲ್ಲ, ಶಾಲೆ ತಪ್ಪಿಸಬಾರದು ಅಂದರು. ಒಂದನೇ ತರಗತಿಯ ನಾಲ್ಕು ದಿನ ತುಂಬಿಕೊಳ್ಳಬಹುದು, ಮೇ ತಿಂಗಳ ಬಿಸಿಲನ್ನು ತಡೆಯಲು ಆಗುವುದಿಲ್ಲ ಅನ್ನುವುದು ನನ್ನ ವಿಚಾರ.

ಫೆಬ್ರವರಿಗೆ ಕೂಸಿಗೆ ಒಂದೂವರೆ ವರ್ಷದ ಹತ್ತಿರ ಆಗುತ್ತದೆ. ಆ ಹೊತ್ತಿಗೆ ನಡೆಯುತ್ತದೆ, ಮನೆಯ ಊಟ ಉಣ್ಣುತ್ತದೆ, ನೀರು ಬೇಕು ಅಂತ ಕೈ ತೋರಿಸುತ್ತದೆ. ಸೂಜಿಯ ಲೆಕ್ಕವೂ ಸರಿಹೋಗುತ್ತದೆ. ದಡಾರ ಮತ್ತು ರುಬೆಲ್ಲಾ ಲಸಿಕೆ ಮೊದಲ ಸಲ ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೇ ಸಲ 16ರಿಂದ 24 ತಿಂಗಳ ಒಳಗೆ. ದಡಾರ ಗದ್ದಲದಲ್ಲಿ ಬೇಗ ಹರಡುವ ರೋಗ. ಮೇ ತಿಂಗಳಲ್ಲಿ ಹೋದರೆ ಮೊದಲ ಸೂಜಿಯೂ ಆಗಿರುವುದಿಲ್ಲ. ಫೆಬ್ರವರಿಯಲ್ಲಿ ಎರಡೂ ಮುಗಿಸಿಕೊಂಡು ಹೋಗಬಹುದು. ಆದರೆ ಸೂಜಿ ಹಾಕಿಸಿದ ಮರುದಿನವೇ ಗಾಡಿ ಹತ್ತಬೇಡಿ. ಜ್ವರ ಬರಬಹುದು. ಎರಡು ಮೂರು ವಾರ ಮೊದಲೇ ಹಾಕಿಸಿ. ತಾಯಿ ಮಗುವಿನ ಕಾರ್ಡಿನಲ್ಲಿ ತಾರೀಖು ಇರುತ್ತದೆ. ಈಗ ನೀವೇ ಓದಬಲ್ಲಿರಿ. ತಿಳಿಯದಿದ್ದರೆ ಆಶಾ ತಾಯಿಯನ್ನು ಕೇಳಿ.

ಆರು ತಿಂಗಳು ತುಂಬದ ಕೂಸಾದರೆ ನನ್ನ ಮಾತು ಇನ್ನೂ ಗಟ್ಟಿ. ತಪ್ಪಿಸಲು ಬರುವ ಪ್ರವಾಸ ಆದರೆ ಹೋಗಲೇಬೇಡಿ. ಹೋಗಲೇಬೇಕಾದ ಪ್ರಸಂಗ ಬಂದರೆ ತಾಯಿಯ ಹಾಲು ಬಿಟ್ಟು ಬೇರೆ ಏನೂ ಕೊಡಬೇಡಿ, ನೀರನ್ನೂ ಕೊಡಬೇಡಿ. ಬಿಸಿಲಿದ್ದರೆ ಹೆಚ್ಚು ಸಲ ಹಾಲು ಕುಡಿಸಿ. ನೀರು ಕುಡಿಯಬೇಕಾದವಳು ತಾಯಿ.

ಟಿಕೆಟ್ಟಿನ ಲೆಕ್ಕಕ್ಕೆ ಅತ್ತೆಯವರ ಮುಂದೆ ಕುಳಿತೇ ಉತ್ತರ ಹುಡುಕಿದೆವು. ಪಾಟಿಯ ಮೇಲೆ ಬರೆದೆವು. ಮೇ ತಿಂಗಳಲ್ಲಿ ಹೋದರೆ ದೊಡ್ಡವರು ಮೂವರು, ಹುಡುಗ ಒಬ್ಬ. ನಾಲ್ಕು ಟಿಕೆಟ್, ನಾಲ್ಕು ಮಲಗುವ ಜಾಗ. ಮಲಗುವವರು ಎಷ್ಟು ಜನ? ಆರು. ಪುಕ್ಕಟೆ ಹೋಗುವ ಮಕ್ಕಳಿಗೆ ಜಾಗ ಇಲ್ಲ, ಅವರು ತಾಯಿಯ ಪಕ್ಕದಲ್ಲೇ ಮಲಗಬೇಕು. ಒಂದು ಹಲಗೆಯ ಮೇಲೆ ತಾಯಿ, ಎಂಟು ತಿಂಗಳ ಕೂಸು. ಇನ್ನೊಂದರ ಮೇಲೆ ಅಜ್ಜಿ, ನಾಲ್ಕು ವರ್ಷದ ಹುಡುಗಿ. ಯಾರಿಗೂ ನಿದ್ದೆ ಇಲ್ಲ. ಫೆಬ್ರವರಿಯಲ್ಲಿ ಹೋದರೆ ಹುಡುಗಿಗೆ ಐದು ತುಂಬಿರುತ್ತದೆ. ಐದು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ ಎರಡು ದಾರಿ ಇವೆ. ಮಲಗುವ ಜಾಗ ಬೇಡ ಅಂದರೆ ಅರ್ಧ ಟಿಕೆಟ್. ಜಾಗ ಬೇಕು ಅಂದರೆ ಪೂರ್ತಿ ಟಿಕೆಟ್. 2016ರ ಏಪ್ರಿಲ್ 21ರಿಂದ ಈ ನಿಯಮ ಇದೆ. ಮೊದಲು ಅರ್ಧ ರೊಕ್ಕಕ್ಕೇ ಜಾಗ ಸಿಗುತ್ತಿತ್ತು. ಹಳೆಯ ನೆನಪಿನಲ್ಲಿ ಕೌಂಟರಿನವರ ಜೊತೆ ಜಗಳಕ್ಕೆ ನಿಲ್ಲಬೇಡಿ.

ಹುಡುಗಿಗೆ ಪೂರ್ತಿ ಟಿಕೆಟ್ ತಗೊಂಡರೆ ಐದು ಜಾಗ ಆಗುತ್ತದೆ. ರೊಕ್ಕ ಹೆಚ್ಚು, ನಿದ್ದೆಯೂ ಹೆಚ್ಚು. ಆ ರೊಕ್ಕ ಒಮ್ಮೆಲೇ ಕೊಡುವುದು ಹಮಾಲಿ ಮಾಡುವವರಿಗೆ ಕಷ್ಟ. ಕೈಯಲ್ಲಿ ಒಂಬತ್ತು ತಿಂಗಳು ಇದೆಯಲ್ಲ, ವಾರ ವಾರ ಸ್ವಲ್ಪ ತೆಗೆದಿಡಬಹುದು ಅಂತ ಮಗ ಆಗ ಬಾಯಿ ಬಿಟ್ಟರು. ದುಡಿಮೆ ತಪ್ಪುವ ನಾಲ್ಕು ದಿನದ ಪಗಾರವನ್ನೂ ಆ ಲೆಕ್ಕದಲ್ಲಿ ಸೇರಿಸಲು ಹೇಳಿದೆ. ಬಹಳ ಜನ ಅದನ್ನು ಮರೆತು, ಬಂದ ಮೇಲೆ ಸಾಲ ಮಾಡುತ್ತಾರೆ.

ರೈಲಿನ ಟಿಕೆಟ್ 60 ದಿನ ಮೊದಲು ತೆಗೆಸಲು ಬರುತ್ತದೆ. ಕೆಳಗಿನ ಜಾಗ ಬೇಕು ಅಂತ ಫಾರ್ಮಿನಲ್ಲಿ ಬರೆಯಿರಿ. ಹಾಲು ಕುಡಿಸುವ ತಾಯಿ ಮೇಲಿನ ಹಲಗೆ ಹತ್ತುವುದು ಅಪಾಯ. 2022ರಲ್ಲಿ ರೈಲ್ವೆಯವರು ಲಖನೌ ಮೇಲ್ ಗಾಡಿಯಲ್ಲಿ ತಾಯಿಯ ಜಾಗದ ಪಕ್ಕಕ್ಕೆ ಕೂಸಿಗೆ ಒಂದು ಸಣ್ಣ ಹಲಗೆ ಜೋಡಿಸಿ ನೋಡಿದ್ದರು. ಅದು ಎಲ್ಲ ಗಾಡಿಗೂ ಬಂದರೆ ಎಷ್ಟು ಚಲೋ ಇತ್ತು. ಈಗ ನಾವು ನಮ್ಮ ಚಾದರ ಮಡಚಿ ಅಂಚಿಗೆ ಒಡ್ಡು ಮಾಡಿಕೊಳ್ಳಬೇಕು. ಕೂಸನ್ನು ಗೋಡೆಯ ಕಡೆ ಮಲಗಿಸಬೇಕು.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ನಾಲ್ಕು ಮನೆಯವರು ಸೇರಿ ಒಂದು ಕ್ರೂಸರ್ ಗಾಡಿ ಬಾಡಿಗೆಗೆ ಹಿಡಿಯುತ್ತಾರೆ. ತಲೆಗೆ ಇಷ್ಟು ಅಂತ ಹಂಚಿಕೊಂಡರೆ ಅಗ್ಗ ಅನಿಸುತ್ತದೆ. ಬೇಕಾದಲ್ಲಿ ನಿಲ್ಲಿಸಬಹುದು, ಅದು ನಿಜ. ಆದರೆ ಅದರಲ್ಲಿ ಸಂಡಾಸ ಇಲ್ಲ, ಕಾಲು ಚಾಚಲು ಜಾಗ ಇಲ್ಲ. ಡ್ರೈವರ್ ಒಬ್ಬನೇ. ಹಗಲೂ ರಾತ್ರಿ ಅವನೇ ಓಡಿಸುತ್ತಾನೆ. ಅವನಿಗೂ ನಿದ್ದೆ ಬರುತ್ತದೆ. ಮಕ್ಕಳು ಇದ್ದಾಗ ನಾನಂತೂ ರೈಲೇ ಅನ್ನುತ್ತೇನೆ.

ಕೂಸನ್ನು ಬಿಟ್ಟು ಹೋದರೆ ಹೇಗೆ ಅಂತಲೂ ಒಬ್ಬರು ಕೇಳಿದರು. ಜಾವಳ ಕೂಸಿನದೇ ಆದ್ದರಿಂದ ಈ ಮನೆಯಲ್ಲಿ ಆ ಮಾತು ಬರುವುದಿಲ್ಲ. ಬೇರೆ ಪ್ರವಾಸ ಆದರೆ ಬರಬಹುದು. ಮೊಲೆಹಾಲು ಕುಡಿಯುವ ಕೂಸನ್ನು ನಾಲ್ಕು ದಿನ ಬಿಡುವುದು ಸರಿಯಲ್ಲ. ಕೂಸಿಗೂ ತ್ರಾಸ, ಹಾಲು ಕಟ್ಟಿಕೊಂಡು ತಾಯಿಗೂ ತ್ರಾಸ. ಎರಡು ಮೂರು ವರ್ಷದ ಮಕ್ಕಳಿಗೆ ನಾಲ್ಕು ದಿನ ಅಂದರೆ ಎಷ್ಟು ಅಂತ ತಿಳಿಯುವುದಿಲ್ಲ. ಅವ್ವ ಹೋದಳು, ಅಷ್ಟೇ ಗೊತ್ತು. ದಿನಾ ಬೆರಳಾಡಿಸಿ ಮಲಗಿಸುವ ಅಜ್ಜಿಯೋ ದೊಡ್ಡಮ್ಮನೋ ಮನೆಯಲ್ಲಿ ಉಳಿದರೆ ನಡೆಯುತ್ತದೆ. ಪರಿಚಯ ಇಲ್ಲದವರ ಕೈಗೆ ಕೊಟ್ಟರೆ ನಡೆಯುವುದಿಲ್ಲ. ಐದಾರು ವರ್ಷದವರಿಗೆ ಎಲ್ಲ ತಿಳಿಯುತ್ತದೆ. ಅವರನ್ನು ಬಿಟ್ಟು ಹೋದರೆ "ನನ್ನ ಒಬ್ಬನ್ನ ಬಿಟ್ಟು ಹೋದ್ರು" ಅಂತ ದೊಡ್ಡವರಾದ ಮೇಲೂ ಹೇಳುತ್ತಾರೆ. ಮೂರು ವರ್ಷಕ್ಕಿಂತ ಮೊದಲು ನೋಡಿದ್ದು ಮನುಷ್ಯರಿಗೆ ಮುಂದೆ ನೆನಪಿರುವುದು ಬಹಳ ಕಡಿಮೆ. ಒಂದೂವರೆ ವರ್ಷದ ಕೂಸಿಗೆ ತಿರುಪತಿ ನೆನಪಿರುವುದಿಲ್ಲ. ಆರು ವರ್ಷದವನಿಗೆ ನೆನಪಿರುತ್ತದೆ. ಅಜ್ಜಿಗಂತೂ ಇರುತ್ತದೆ.

ಅಜ್ಜಿಯ ಮಾತು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಬಿಸಿಲು, ಸೂಜಿ, ಟಿಕೆಟ್ಟು ಎಲ್ಲ ಕೇಳಿದ ಮೇಲೂ ಅವರು ಸುಮ್ಮನೆ ಕೂತಿದ್ದರು. ಅವರಿಗೆ ಹೆದರಿಕೆ ಇದ್ದದ್ದು "ಮುಂದ ನೋಡೂಣು" ಅನ್ನುವ ಮಾತಿಗೆ. ಮನೆಯಲ್ಲಿ ಹಿರಿಯರಿಗೆ ನಾವು ಹೇಳುವ "ಮುಂದ ನೋಡೂಣು" ಬಹಳ ಸಲ "ಇಲ್ಲ" ಅನ್ನುವುದೇ ಆಗಿರುತ್ತದೆ. ಅವರಿಗೆ ಅದು ಗೊತ್ತು. ಅದಕ್ಕೆ ಸೊಸೆಯೇ ಎದ್ದರು. ಗೋಡೆಯ ಕ್ಯಾಲೆಂಡರಿನ ಮೇಲೆ, ಡಿಸೆಂಬರ ತಿಂಗಳ ಪುಟದಲ್ಲಿ ಬರೆದರು. "ಟಿಕೆಟ್ ತೆಗೆಸುವುದು." ಅವರು ಅಕ್ಷರ ಕಲಿತು ಇನ್ನೂ ಒಂದು ವರ್ಷ ಆಗಿಲ್ಲ. ಟ ಅಕ್ಷರ ಸ್ವಲ್ಪ ವಾರೆ ಬಂದಿತ್ತು. ಅತ್ತೆಗೆ ಓದಲು ಬರುವುದಿಲ್ಲ, ಬರೆದದ್ದು ಏನು ಅಂತ ಎರಡು ಸಲ ಕೇಳಿಸಿಕೊಂಡರು.

ಆಮೇಲೆ ಹಿರಿಯರೊಬ್ಬರು ಇನ್ನೊಂದು ಮಾತು ನೆನಪು ಮಾಡಿದರು. ಜಾವಳವನ್ನು ಒಂದನೇ ವರ್ಷದಲ್ಲಿ ತೆಗೆಸುತ್ತಾರೆ, ಆಗದಿದ್ದರೆ ಮೂರನೇ ವರ್ಷದಲ್ಲಿ, ಅದೂ ಆಗದಿದ್ದರೆ ಐದನೇ ವರ್ಷದಲ್ಲಿ. ಹಿಂದಿನವರೇ ಇಷ್ಟು ಸಡಿಲ ಇಟ್ಟಿದ್ದಾರೆ. ಸಣ್ಣ ಕೂಸು ಕಟ್ಟಿಕೊಂಡು ಬಂಡಿಯ ಮೇಲೆ ತಿಂಗಳುಗಟ್ಟಲೆ ಹೋಗುತ್ತಿದ್ದವರು ಅವರು. ಕಷ್ಟ ಗೊತ್ತಿತ್ತು. "ಹಂಗಾದ್ರ ಮೂರರಾಗ ಲೆಕ್ಕ ಇಲ್ಲ. ಒಂದು ದಾಟಿ ಎರಡರಾಗ ಬರ್ತೈತಿ" ಅಂತ ಅತ್ತೆ ತಡೆದರು. ಹರಕೆಯ ಜಾವಳಕ್ಕೆ ವರ್ಷದ ಲೆಕ್ಕ ನೋಡುವುದಿಲ್ಲ ಅಂತ ಕೆಲವರು, ನೋಡಬೇಕು ಅಂತ ಕೆಲವರು. ಬಹಳ ಹೊತ್ತು ವಾದ ಆಯಿತು. ನಾನು ನಡುವೆ ಬಾಯಿ ಹಾಕಲಿಲ್ಲ. ಹುಟ್ಟಿದ ತಿಂಗಳಿನಿಂದ ಎಣಿಸಿದರೆ ಎರಡನೇ ವರ್ಷ, ಯುಗಾದಿಯಿಂದ ಯುಗಾದಿಗೆ ಎಣಿಸುವ ರೂಢಿಯೂ ಇದೆ, ಗುಡಿಯ ಸ್ವಾಮಿಗಳನ್ನು ಕೇಳೋಣ ಅಂತ ಕೊನೆಗೆ ಆಯಿತು. ಅಲ್ಲಿಯ ತನಕ ಅತ್ತೆ ಮುಡಿಪು ಕಟ್ಟಿ ಇಟ್ಟಿದ್ದಾರೆ. ಅರಿಶಿನದ ಅರಿವೆಯಲ್ಲಿ ರೂಪಾಯಿ ಕಟ್ಟಿ ದೇವರ ಜಗಲಿಯ ಮೇಲೆ ಇಡುವುದು ನಿಮಗೆಲ್ಲ ಗೊತ್ತಲ್ಲ. ಈ ಸೂಟಿಯಲ್ಲಿ ಮಕ್ಕಳನ್ನು ಕರೆದುಕೊಂಡು ನರಸೋಬಾವಾಡಿಗೆ ಹೋಗಿ ಬರುತ್ತಾರಂತೆ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅದು ಒಂದು ಪರೀಕ್ಷೆಯೂ ಆಗುತ್ತದೆ. ಒಂದು ದಿನ ಹೊರಗೆ ಹೋದರೆ ಕೂಸು ಹೇಗಿರುತ್ತದೆ, ಅಪ್ಪ ಎಷ್ಟು ಹೊತ್ತು ಎತ್ತಿಕೊಳ್ಳುತ್ತಾನೆ, ಎಲ್ಲ ತಿಳಿಯುತ್ತದೆ.

ಹೋಗುವುದು ಗಟ್ಟಿಯಾದವರಿಗೆ ಇನ್ನು ಕೆಲವು ಮಾತು.

ಕೂಸು ಗಾಡಿಯಲ್ಲಿ ಅಳದೆ ಮಲಗಲಿ ಅಂತ ಕೆಮ್ಮಿನ ಔಷಧ ಕುಡಿಸುವವರು ಇದ್ದಾರೆ. ಹಿಂದೆ ಅಫೀಮು ತಿನ್ನಿಸುತ್ತಿದ್ದರು, ಈಗ ಬಾಟಲಿ ಬಂದಿದೆ, ಅಷ್ಟೇ. ದಯವಿಟ್ಟು ಮಾಡಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಔಷಧ ಕುಡಿದು ಸಣ್ಣ ಮಕ್ಕಳು ಸತ್ತರು. ಅದಾದ ಮೇಲೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಔಷಧ ಕೊಡಲೇಬಾರದು ಅಂತ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆ ಮತ್ತೆ ತಿಳಿಸಿತು. ಔಷಧ ಒಳ್ಳೆಯದಿದ್ದರೂ ನಿದ್ದೆಗೆಂದು ಕೊಡುವುದು ತಪ್ಪು. ಅಳುವ ಕೂಸು ಉಸಿರಾಡುತ್ತಿದೆ ಅಂತ ನಮಗೆ ಗೊತ್ತಿರುತ್ತದೆ.

ಓ.ಆರ್.ಎಸ್. ಪೊಟ್ಟಣ ಮನೆಯಿಂದಲೇ ಒಯ್ಯಿರಿ. ಸರ್ಕಾರಿ ದವಾಖಾನೆಯಲ್ಲಿ ಸಿಗುತ್ತದೆ. ಪೊಟ್ಟಣದ ಮೇಲೆ ಎಷ್ಟು ನೀರಿಗೆ ಹಾಕಬೇಕು ಅಂತ ಬರೆದಿರುತ್ತದೆ. ದೊಡ್ಡದು ಒಂದು ಲೀಟರಿಗೆ, ಸಣ್ಣದು 200 ಮಿ.ಲೀ. ನೀರಿಗೆ. ಅಂಕಿ ಓದಿ ನೋಡಿ. ಕಡಿಮೆ ನೀರಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಕೂಸಿಗೆ ಅಪಾಯ. ಕಾಸಿ ಆರಿಸಿದ ನೀರು ಬಳಸಿ. ಕಲಸಿದ್ದು 24 ಗಂಟೆಗೆ ಉಳಿದರೆ ಚೆಲ್ಲಿ. ಎರಡು ವರ್ಷದೊಳಗಿನ ಕೂಸಿಗೆ ಒಮ್ಮೆ ಭೇದಿ ಆದರೆ ಕಾಲು ಲೋಟದಿಂದ ಅರ್ಧ ಲೋಟ, ಚಮಚದಿಂದ ಸ್ವಲ್ಪ ಸ್ವಲ್ಪ. ಹಾಲು ನಿಲ್ಲಿಸಬಾರದು. ಅಂಗಡಿಯಲ್ಲಿ ಡಬ್ಬಿಯಲ್ಲಿ ಮಾರುವ ಸಿಹಿ ಪಾನೀಯವನ್ನು ಓ.ಆರ್.ಎಸ್. ಅಂತ ತಿಳಿದು ಕುಡಿಸಬೇಡಿ. ಅಂಥ ಪಾನೀಯಗಳಿಗೆ ಆ ಹೆಸರು ಇಡಬಾರದು ಅಂತ 2025ರ ಅಕ್ಟೋಬರದಲ್ಲಿ ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ ಆದೇಶ ಮಾಡಿದೆ. ಕೂಸಿನ ಕಣ್ಣು ಒಳಗೆ ಹೋಗಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಆರು ತಾಸು ಉಚ್ಚೆ ಹೊಯ್ಯದಿದ್ದರೆ, ಜೋಲು ಬಿದ್ದಿದ್ದರೆ ತಿರುಪತಿ ಇನ್ನೆಷ್ಟು ದೂರ ಅಂತ ನೋಡಬೇಡಿ. 139ಕ್ಕೆ ಫೋನ್ ಮಾಡಿ. ಅದು ರೈಲಿನ ಸಹಾಯದ ನಂಬರು. ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ಡಾಕ್ಟರು ಬರಲಿ ಅಂತ ಹೇಳಿ. ಇಳಿಯಬೇಕಾದರೆ ಇಳಿಯಿರಿ, ಟಿಕೆಟ್ಟಿನ ರೊಕ್ಕ ಹೋದರೆ ಹೋಗಲಿ. ರೈಲಿನಿಂದ ಹೊರಗೆ ಆದರೆ 108 ಆಂಬುಲೆನ್ಸ್. ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಮೂರೂ ಕಡೆ ಅದೇ ನಂಬರು.

ಗುಡ್ಡವನ್ನು ನಡೆದು ಹತ್ತುತ್ತೇನೆ ಅಂತ ಹರಕೆ ಇದ್ದರೆ ಅದನ್ನು ದೊಡ್ಡವರು ಮಾತ್ರ ತೀರಿಸಲಿ. ಅಲಿಪಿರಿಯಿಂದ 3550 ಮೆಟ್ಟಿಲು. ಸುತ್ತ ಕಾಡು. 2023ರ ಆಗಸ್ಟದಲ್ಲಿ ಆ ದಾರಿಯಲ್ಲಿ ಆರು ವರ್ಷದ ಹುಡುಗಿಯನ್ನು ಚಿರತೆ ಹೊತ್ತೊಯ್ದು ಕೊಂದಿತು. ಆಮೇಲೆ ದೇವಸ್ಥಾನದವರು ಮಧ್ಯಾಹ್ನ ಎರಡರ ಮೇಲೆ ಸಣ್ಣ ಮಕ್ಕಳನ್ನು ಆ ದಾರಿಯಲ್ಲಿ ಬಿಡಬಾರದು ಅಂತ ನಿಯಮ ಮಾಡಿದರು. ಮಕ್ಕಳಿಗೆ ಬಸ್ಸೇ ಸರಿ. ಕಲ್ಯಾಣಕಟ್ಟೆಯಲ್ಲಿ ಮುಡಿ ತೆಗೆಯಲು ರೊಕ್ಕ ಇಲ್ಲ. ಹೊಸ ಬ್ಲೇಡು ಹಾಕಿಸಿ. ಕೂಸು ತೂಕಡಿಸುವಾಗ ಅಲ್ಲ, ಹೊಟ್ಟೆ ತುಂಬಿ ಆಡುವಾಗ ಕೂರಿಸಿ. ಗುಡ್ಡದ ಮೇಲೆ ರಾತ್ರಿ ತಂಪು. ಬೋಳು ತಲೆಗೆ ಕುಂಚಿಗೆ ಮರೆಯಬೇಡಿ.

ದಾರಿಯಲ್ಲಿ ದೊಡ್ಡ ಮಕ್ಕಳನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು ಸ್ಟೇಷನ್ನಿನ ಬೋರ್ಡು ಓದಿಸಿ. ಮಿರಜ್ ಬಿಟ್ಟು ಶೇಡಬಾಳ ಬಂತೆಂದರೆ ಕನ್ನಡ ಬೋರ್ಡು ಶುರು. ಉಗಾರ, ಕುಡಚಿ, ರಾಯಬಾಗ, ಘಟಪ್ರಭಾ. ನೀವೂ ಓದಿ. ಬಳ್ಳಾರಿ ದಾಟಿದ ಮೇಲೆ ತೆಲುಗು ಬರುತ್ತದೆ. ತೆಲುಗು ಅಕ್ಷರ ನಮ್ಮ ಅಕ್ಷರದ ಒಡಹುಟ್ಟಿದ ಹಾಗೆ. ತಲೆಕಟ್ಟು ಸ್ವಲ್ಪ ಬೇರೆ. ನಿಧಾನ ನೋಡಿದರೆ ಬಹಳ ಅಕ್ಷರ ಗುರುತು ಸಿಗುತ್ತವೆ.

ಮಕ್ಕಳು ಗದ್ದಲದಲ್ಲಿ ತಪ್ಪಿಸಿಕೊಂಡರೆ 1098ಕ್ಕೆ ಫೋನ್ ಮಾಡಬಹುದು. ಸ್ಟೇಷನ್ನಿನಲ್ಲಿ ಆದರೆ ರೈಲ್ವೆ ಪೊಲೀಸರಿಗೆ ಹೇಳಬೇಕು. ಅದಕ್ಕೂ ಮೊದಲು ಒಂದು ಚೀಟಿ ಬೇಕು. ಅದನ್ನು ಬೇರೆಯವರಿಂದ ಬರೆಸಬೇಡಿ, ಇವತ್ತು ನೀವೇ ಬರೆಯಿರಿ. ಮಗುವಿನ ಹೆಸರು ಎಲ್ಲರಿಗೂ ಕಾಣುವ ಹಾಗೆ ಕೊರಳಿಗೆ ಕಟ್ಟಬೇಡಿ. ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಒಳಗಿನ ಕಿಸೆಗೆ ಹೊಲಿಯಿರಿ. ಅಂಕಿಗಳನ್ನು 1, 2, 3 ಅಂತಲೇ ಬರೆಯಿರಿ, ಎಲ್ಲ ಊರಿನವರಿಗೂ ತಿಳಿಯುತ್ತದೆ. ಫೋನ್ ನಂಬರು ಎರಡು ಇರಲಿ. ಒಂದು ಜೊತೆಗೆ ಬಂದವರದು, ಇನ್ನೊಂದು ಮನೆಯಲ್ಲಿ ಉಳಿದವರದು.

ಪಾಟಿ ತೆಗೆಯಿರಿ. ಮೊದಲು ಪಾಟಿಯ ಮೇಲೆ ಬರೆದು ನೋಡಿ, ಆಮೇಲೆ ಕಾಗದದ ಮೇಲೆ.

ಮಗುವಿನ ಹೆಸರು:
ತಾಯಿಯ ಹೆಸರು:
ತಂದೆಯ ಹೆಸರು:
ಫೋನ್ 1:
ಫೋನ್ 2:
ಊರು: ಸಾಂಗ್ಲಿವಾಡಿ, ತಾಲೂಕು ಮಿರಜ್, ಜಿಲ್ಲೆ ಸಾಂಗ್ಲಿ, ಮಹಾರಾಷ್ಟ್ರ
ಮಾತಾಡುವ ಭಾಷೆ: ಕನ್ನಡ, ಮರಾಠಿ